ಕಣ್ಣಳತೆಯ ಬೋಲ್ಟು

1990ರಲ್ಲಿ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಕಾಕ್‌ಪಿಟ್ ಗಾಜು ಹಾರಾಟದಲ್ಲೇ ಕಿತ್ತುಹೋಯಿತು. ಅದಕ್ಕೆ ‘ಒಬ್ಬನ ಅಜಾಗರೂಕತೆ’ ಎಂಬ ಕಾರಣ ಸಾಲದು. ಆ ಗಾಜು ಬದಲಿಸಿದ ದಿನ ನಿರ್ವಹಣಾ ವಿಭಾಗದ ರಾತ್ರಿ ಪಾಳಿಯಲ್ಲಿ ಜನ ಕಡಿಮೆ, ಬೆಳಗಿನ ಜಾವ ವಿಮಾನವನ್ನು ತೊಳೆಯಲು ಕಳಿಸಬೇಕು. ಹಾಗಾಗಿ ಪಾಳಿಯ ಮ್ಯಾನೇಜರೇ ಕಾಕ್‌ಪಿಟ್ ಗಾಜು ಬದಲಿಸಲು ನಿಂತರು. ಯಾವ ಜಾಗಕ್ಕೆ ಯಾವ ಬಿಡಿಭಾಗ ಎಂದು ಹೇಳುವ ಪಾರ್ಟ್ಸ್ ಕ್ಯಾಟಲಾಗ್ ನೋಡದೆ, ಹಳೆಯ ಬೋಲ್ಟಿನ ಪಕ್ಕ ಹೊಸದನ್ನಿಟ್ಟು ಆರಿಸಿದರು. 90ರಲ್ಲಿ 84 ಬೋಲ್ಟು ವ್ಯಾಸದಲ್ಲಿ ಬೇಕಾದದ್ದಕ್ಕಿಂತ 0.026 ಇಂಚು ತೆಳು. (ಮುಕ್ಕಾಲು ಮಿಲಿಮೀಟರೂ ಇಲ್ಲ, ಮಂದ ಬೆಳಕಲ್ಲಿ ಯಾರಿಗೆ ಕಂಡೀತು?) ಎರಡು ಬಗೆಯ ಬೋಲ್ಟಿಗೂ ಇಂಚಿಗೆ 32 ಎಳೆ (ತಿರುಪಿನ ಸುತ್ತು), ಹಾಗಾಗಿ ತೆಳುವಾದದ್ದೂ ನಟ್ಟಿನಲ್ಲಿ ಹಿಡಿದಂತೆಯೇ ಅನಿಸುತ್ತದೆ. ಟಾರ್ಕ್ ಸ್ಕ್ರೂಡ್ರೈವರ್ ಎಂದರೆ ಬೇಕಾದಷ್ಟು ಬಿಗಿಯಾದಾಗ ‘ಕ್ಲಿಕ್’ ಎನ್ನುವ ಸಾಧನ; ಎಳೆ ಜಾರಿದರೂ ಅದು ‘ಕ್ಲಿಕ್’ ಎಂದಂತೆಯೇ ಭಾಸ. ಈ ವಿಮಾನದಲ್ಲಿ ಗಾಜು ಕೂರಿಸುವುದು ಹೊರಗಿನಿಂದ. ಮೇಲೇರಿದಾಗ ಕ್ಯಾಬಿನ್ ಒತ್ತಡಕ್ಕೆ ಅಡ್ಡ ನಿಲ್ಲುವುದು ಬೋಲ್ಟುಗಳಷ್ಟೇ. 17,300 ಅಡಿಯಲ್ಲಿ ಗಾಜು ಕಿತ್ತುಹೋಯಿತು. ಎರಡನೆಯವರ ತಪಾಸಣೆ ಕಡ್ಡಾಯವಿದ್ದ ಕೆಲಸಗಳ ಪಟ್ಟಿಯಲ್ಲಿ ಈ ಗಾಜು ಇರಲೇ ಇಲ್ಲ.