ಆ ಹಸಿರು ಹೊಳಪು ನೆನಪಿನ ಫೋಟೋ ಅಲ್ಲ

ನರಕೋಶದ ಕವಲುಗಳು ಹಸಿರಾಗಿ ಹೊಳೆಯುವ ಚಿತ್ರಕ್ಕೆ ‘ವಿಜ್ಞಾನಿಗಳು ನೆನಪಿನ ಫೋಟೋ ತೆಗೆದರು’ ಎಂದು ಬರೆದ ಮೆಸೇಜ್ ಓಡಾಡುತ್ತಿದೆ. ಹೋದ ವಾರ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಅಂಥ ಪ್ರಯೋಗಗಳಲ್ಲಿ ಕಾಣುವುದು ಹೊಸದಾಗಿ ತಯಾರಾದ ಪ್ರೋಟೀನ್. 2001ರಲ್ಲಿ ನರವಿಜ್ಞಾನಿ ಎರಿನ್ ಶೂಮನ್ ಅವರ ತಂಡ ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳಿಗೆ, ಹಸಿರಾಗಿ ಹೊಳೆಯುವ ಪ್ರೋಟೀನ್ ತಯಾರಿಸುವ ಜೀನ್ ಸೇರಿಸಿತು. ಆಮೇಲೆ ಕವಲುಗಳನ್ನು ಕೋಶದ ಒಡಲಿನಿಂದ ಬೇರ್ಪಡಿಸಿ, ಬಿಡಿಎನ್‌ಎಫ್ ಎಂಬ ಪ್ರಚೋದಕ ಹಾಕಿತು. ಒಡಲಿನಿಂದ ಏನೂ ಬರುವಂತಿರಲಿಲ್ಲ. ಆದರೂ ಕವಲಿನಲ್ಲಿ ಹಸಿರು ಜಾಸ್ತಿಯಾಯಿತು! ಪ್ರೋಟೀನ್ ತಯಾರಿಕೆ ತಡೆಯುವ ಔಷಧ ಹಾಕಿದಾಗ ಹಾಗೆ ಆಗಲಿಲ್ಲ. ಅಂದರೆ ತಯಾರಿಕೆ ಅಲ್ಲೇ ನಡೆದಿತ್ತು.

‘ಪ್ರೋಟೀನ್ ಕೋಶದ ಒಡಲಲ್ಲಿ ಮಾತ್ರ ತಯಾರಾಗುತ್ತದೆ’ ಎಂಬ ಅದೇ ಮೆಸೇಜಿನ ಇನ್ನೊಂದು ಸಾಲೂ ಸರಿಯಲ್ಲ. ಸ್ಟೀವರ್ಡ್ ಮತ್ತು ಲೆವಿ ಎಂಬ ವಿಜ್ಞಾನಿಗಳು 1982ರಲ್ಲೇ ಕವಲಿನ ಮೇಲಿನ ಮುಳ್ಳಿನಂಥ ಪುಟ್ಟ ಉಬ್ಬುಗಳ ಬುಡದಲ್ಲಿ, ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳ ಗೊಂಚಲುಗಳನ್ನು ತೋರಿಸಿದ್ದರು.

ನೆನಪು ಗಟ್ಟಿಯಾಗಲು ಹೊಸ ಪ್ರೋಟೀನ್ ಬೇಕು, ನಿಜ. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶದ ಹೊಳಪು ಯಾರ ನೆನಪೂ ಅಲ್ಲ, ಅಲ್ವಾ? ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.