ಕೌನ್ಸಿಲ್ ಮನೆಯ ಕರಾರಿನಲ್ಲಿ ಯಾರ ಹೆಸರು?

ನಮ್ಮ ಕಡೆ ಮನೆಯ ಹಿರಿಯರು ತೀರಿಕೊಂಡರೆ ಕಾಗದದ ಕೆಲಸ ಶುರುವಾಗುವುದು ತಿಥಿ ಮುಗಿದ ಮೇಲೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಆಮೇಲೆ ಖಾತೆ ಬದಲಾವಣೆ. ಎಷ್ಟೋ ಮನೆಗಳ ಖಾತೆ ಇವತ್ತಿಗೂ ತಾತನ ಹೆಸರಲ್ಲೇ ಇದೆ, ಮೊಮ್ಮಕ್ಕಳು ಅಲ್ಲೇ ಬಾಳುತ್ತಿದ್ದಾರೆ. ಆಶ್ರಯ ಮನೆಯ ಹಕ್ಕುಪತ್ರ ಅಮ್ಮನ ಹೆಸರಿಗಿದ್ದರೂ ಅದು ಇಡೀ ಕುಟುಂಬದ ಮನೆ ಎಂದೇ ಎಲ್ಲರ ಲೆಕ್ಕ.

ಇದೇ ಲೆಕ್ಕದಲ್ಲಿ ಇಂಗ್ಲೆಂಡಿನ ಕೌನ್ಸಿಲ್ ಮನೆಯಲ್ಲಿ ನೆಮ್ಮದಿಯಾಗಿರುವ ನಮ್ಮವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಅದು ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಕೊಟ್ಟ ಬಾಡಿಗೆ ಮನೆ. ಹಕ್ಕು ಇರುವುದು ಕರಾರಿನಲ್ಲಿ ಹೆಸರಿರುವವರಿಗೆ ಮಾತ್ರ. ಮಗನ ಹೆಸರಿಗೆ ಉಯಿಲು ಬರೆದಿಟ್ಟರೂ ಟೆನೆನ್ಸಿಯ, ಅಂದರೆ ಬಾಡಿಗೆದಾರಿಕೆಯ, ಭದ್ರತೆ ಅವನಿಗೆ ದಾಟುವುದಿಲ್ಲ. ಹತ್ತು ವರ್ಷ ಅವನೇ ಬಾಡಿಗೆ ಕಟ್ಟಿದ್ದರೂ ಅಷ್ಟೇ.

ಮೊದಲು ನೋಡಬೇಕಾದದ್ದು ಕರಾರಿನ ತಾರೀಖು. 1 ಏಪ್ರಿಲ್ 2012ಕ್ಕೆ ಮುಂಚಿನ ಕೌನ್ಸಿಲ್ ಟೆನೆನ್ಸಿಯಾದರೆ, ಗಂಡ ಅಥವಾ ಹೆಂಡತಿ ಇಲ್ಲದಾಗ, ಸಾವಿಗೆ ಮುಂಚಿನ 12 ತಿಂಗಳು ಜೊತೆಯಲ್ಲೇ ವಾಸವಿದ್ದ ಮಗ, ಮಗಳು ಅಥವಾ ಒಡಹುಟ್ಟಿದವರಿಗೆ ಅದು ಸಿಗುತ್ತದೆ. ಆ ದಿನದಿಂದ ಈಚೆಗೆ ಶುರುವಾದ ಟೆನೆನ್ಸಿಯಲ್ಲಿ ಕಾನೂನಿನ ಹಕ್ಕು ಇರುವುದು ಗಂಡ, ಹೆಂಡತಿ ಅಥವಾ ದಂಪತಿಯಂತೆ ಬಾಳುತ್ತಿದ್ದ ಸಂಗಾತಿಗೆ ಮಾತ್ರ. ಮಿಕ್ಕವರಿಗೆ ಕರಾರಿನಲ್ಲಿ ಬೇರೆ ಕಲಮು ಇದ್ದರುಂಟು. ಎರಡರಲ್ಲೂ ಕಾನೂನು ಕೊಡುವ ವರ್ಗಾವಣೆ ಒಂದೇ ಸಲ. ಇಬ್ಬರ ಹೆಸರಿನಲ್ಲಿರುವ ಜಂಟಿ ಟೆನೆನ್ಸಿಯಲ್ಲಿ ಗಂಡ ತೀರಿಹೋಗಿ ಹೆಂಡತಿ ಉಳಿದರೂ ಆ ಒಂದು ಸಲ ಖರ್ಚಾದಂತೆ.

ಅದಕ್ಕೇ ಹೆಂಡತಿಯ ಹೆಸರು ಸೇರಿಸುವ ಅವಸರ ಬೇಡ ಎನ್ನುತ್ತೇನೆ. ಸೇರಿಸಿಕೊಳ್ಳಲೇಬೇಕು ಎಂಬ ನಿಯಮ ಕೌನ್ಸಿಲಿಗಿಲ್ಲ, ಬಾಡಿಗೆ ಬಾಕಿ ಇದ್ದರೆ ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ಒಪ್ಪಿದರೆ ಹಳೆಯ ಟೆನೆನ್ಸಿ ಮುಗಿಸಿ ಇಬ್ಬರ ಹೆಸರಿಗೆ ಹೊಸದನ್ನು ಬರೆಯುವುದು ವಾಡಿಕೆ. 2005ರ ಕರಾರನ್ನು ಹೀಗೆ ಬಿಟ್ಟುಕೊಟ್ಟರೆ ಹೊಸದು 2012ರ ನಂತರದ್ದಾಗಿ, ಜೊತೆಯಲ್ಲಿರುವ ಮಗಳಿಗೆ ಸಿಗಬಹುದಾಗಿದ್ದ ಹಕ್ಕು ಒಂದು ಸಹಿಯಲ್ಲಿ ಹೋಗುತ್ತದೆ. ಅದೇ ಮನೆಯಲ್ಲಿ ವಾಸವಿರುವ ಹೆಂಡತಿಗಾದರೋ, ಹೆಸರು ಸೇರಿಸದಿದ್ದರೂ ಗಂಡನ ನಂತರ ಟೆನೆನ್ಸಿ ಬರುತ್ತಿತ್ತು. ಜಂಟಿಯಾದ ಮೇಲೆ ಇಡೀ ಬಾಡಿಗೆಗೆ ಇಬ್ಬರೂ ಹೊಣೆ. ಆಕೆಯ ವೀಸಾದಲ್ಲಿ ಸರ್ಕಾರಿ ನೆರವು ಪಡೆಯಬಾರದೆಂಬ ಷರತ್ತಿದ್ದರೆ, ಅರ್ಜಿ ಹಾಕುವ ಮೊದಲೇ ವಲಸೆ ವಕೀಲರನ್ನು ಕೇಳಬೇಕು.

ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸುವುದು ದಂಪತಿ ಬೇರೆಯಾಗುವಾಗಿನ ನಿಯಮ. ಜಂಟಿ ಟೆನೆನ್ಸಿಯಿಂದ ಒಬ್ಬರ ಹೆಸರನ್ನು ಮಾತ್ರ ಹೊಡೆದುಹಾಕುವ ನೋಟಿಸು ಇಂಗ್ಲೆಂಡಿನಲ್ಲಿ ಇಲ್ಲ. ಅವಧಿ ನಿಗದಿಯಾಗದ ವಾರದ ಟೆನೆನ್ಸಿಯಲ್ಲಿ ಒಬ್ಬರು ಕನಿಷ್ಠ 4 ವಾರದ ಲಿಖಿತ ನೋಟಿಸು ಕೊಟ್ಟರೆ ಸಾಕು, ಇಬ್ಬರ ಟೆನೆನ್ಸಿಯೂ ಮುಗಿಯಿತು. ಒಳಗೆ ಮಕ್ಕಳೊಂದಿಗೆ ಉಳಿದವರ ಒಪ್ಪಿಗೆ ಬೇಕಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಕೌನ್ಸಿಲಿನ ಪ್ರಕರಣದಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೀಗೆಂದಿತು, 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಮನಸ್ತಾಪ ಕೋರ್ಟಿನವರೆಗೆ ಹೋಗುವ ಸೂಚನೆ ಕಂಡಕೂಡಲೇ, ನೋಟಿಸು ಕೊಡುವುದಿಲ್ಲವೆಂದು ಎದುರಿನವರಿಂದ ಲಿಖಿತ ಮುಚ್ಚಳಿಕೆ ಕೇಳಬೇಕು. ಕೊಡದಿದ್ದರೆ ಕೋರ್ಟಿನ ತಡೆ. ಅದರ ಜೊತೆಗೇ 1996ರ ಕುಟುಂಬ ಕಾನೂನಿನಡಿ ಟೆನೆನ್ಸಿಯನ್ನು ಒಬ್ಬರ ಹೆಸರಿಗೆ ವರ್ಗಾಯಿಸಿ ಎಂಬ ಅರ್ಜಿ. ಟೆನೆನ್ಸಿ ಮುಗಿದುಹೋದ ಮೇಲೆ ವರ್ಗಾಯಿಸಲು ಕೋರ್ಟಿನ ಮುಂದೆ ಏನೂ ಉಳಿದಿರುವುದಿಲ್ಲ.

ಸೆವರ್ನ್ ನದಿ ದಾಟಿ ವೇಲ್ಸಿಗೆ ಹೋದರೆ ಬೇರೆಯದೇ ಪದ್ಧತಿ. 2022ರ ಡಿಸೆಂಬರ್ 1ರಿಂದ ಅಲ್ಲಿ ಜಾರಿಯಲ್ಲಿರುವ ಕಾನೂನಿನಲ್ಲಿ ಜಂಟಿ ಕರಾರಿನಿಂದ ಒಬ್ಬರು ಹಿಂದೆ ಸರಿದರೆ ಉಳಿದವರಿಗೆ ಅದೇ ಕರಾರು ಮುಂದುವರಿಯುತ್ತದೆ. ಹೊಸ ಹೆಸರು ಸೇರಿಸಲು ಹಳೆಯದನ್ನು ಮುರಿಯಬೇಕಿಲ್ಲ. ತೀರಿಕೊಂಡವರ ಆರೈಕೆ ಮಾಡುತ್ತಿದ್ದವರಿಗೂ ಉತ್ತರಾಧಿಕಾರದಲ್ಲಿ ಜಾಗವಿದೆ. ಇಂಗ್ಲೆಂಡಿನಲ್ಲಿ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಬಂದ ಮಗಳು 2012ರ ನಂತರದ ಟೆನೆನ್ಸಿಯಲ್ಲಿ ಬರಿಗೈಯಲ್ಲಿ ನಿಲ್ಲುತ್ತಾಳೆ. ಇದನ್ನು ಇಂಗ್ಲೆಂಡ್ ಬದಲಾಯಿಸಲೇಬೇಕು.

ಸಾವಿನ ನಂತರ ಕೌನ್ಸಿಲಿನಿಂದ ಬರುವ ಪತ್ರವನ್ನು ನಿಧಾನವಾಗಿ ಓದಿ. ಕಟ್ಟುವ ಹಣಕ್ಕೆ ‘ರೆಂಟ್’ ಎನ್ನದೆ ‘ಯೂಸ್ ಅಂಡ್ ಆಕ್ಯುಪೇಷನ್’ (ಮನೆ ಬಳಸಿಕೊಂಡಿದ್ದಕ್ಕೆ ಕೊಡುವ ಹಣ) ಎಂದು ಬರೆದಿದ್ದರೆ, ನಿಮ್ಮನ್ನು ಅವರು ಇನ್ನೂ ಬಾಡಿಗೆದಾರರೆಂದು ಒಪ್ಪಿಲ್ಲ. ಹಣ ಕಟ್ಟುತ್ತಾ ಹೋಗಿ, ಜೊತೆಗೇ ಉತ್ತರಾಧಿಕಾರದ ಅರ್ಜಿ ಕೊಡಿ. 12 ತಿಂಗಳ ವಾಸಕ್ಕೆ ಬ್ಯಾಂಕಿನ ಪತ್ರಗಳು, ಡಾಕ್ಟರ ನೋಂದಣಿ, ಸಂಬಳದ ಚೀಟಿ, ಮತದಾರರ ಪಟ್ಟಿ ಎಲ್ಲದರಲ್ಲೂ ಅದೇ ವಿಳಾಸವಿರಬೇಕು. ಮಗನೋ ಮಗಳೋ ಉತ್ತರಾಧಿಕಾರಿಯಾಗಿ ಮನೆ ಅಗತ್ಯಕ್ಕಿಂತ ದೊಡ್ಡದಾಗಿದ್ದರೆ, ಸಾವಿನ ನಂತರದ 6ರಿಂದ 12 ತಿಂಗಳ ನಡುವೆ ಕೌನ್ಸಿಲ್ ನೋಟಿಸು ಕೊಟ್ಟು ತಕ್ಕ ಚಿಕ್ಕ ಮನೆಗೆ ಹೋಗಿ ಎಂದು ಕೋರ್ಟಿಗೆ ಹೋಗಬಹುದು. ಸಂಗಾತಿಯ ಮೇಲೆ ಈ ಕಾರಣ ನಡೆಯದು.

ಬದುಕಿರುವಾಗಲೇ, ಉತ್ತರಾಧಿಕಾರಿಯಾಗಲು ಅರ್ಹರಾದವರಿಗೆ ಟೆನೆನ್ಸಿ ದಾಟಿಸಲು ಸಾಧ್ಯ. ಅದಕ್ಕೆ ‘ಡೀಡ್’ ಎಂಬ ವಿಧಿಬದ್ಧ ಪತ್ರ ಆಗಲೇಬೇಕು: ಅದು ಡೀಡ್ ಎಂದು ಪತ್ರದಲ್ಲೇ ಬರೆದಿರಬೇಕು, ಕೊಡುವವರು ಸಾಕ್ಷಿಯ ಎದುರು ಸಹಿ ಹಾಕಬೇಕು, ಸಾಕ್ಷಿಯ ಸಹಿಯೂ ಬೇಕು. ಬಾಡಿಗೆ ಲೆಕ್ಕದಲ್ಲಿ ಹೆಸರು ತಿದ್ದಿಸಿದ ಮಾತ್ರಕ್ಕೆ ಟೆನೆನ್ಸಿ ವರ್ಗವಾಗಲಿಲ್ಲ.

ಗಂಡ-ಹೆಂಡತಿ ಎಂದು ಕೌನ್ಸಿಲಿಗೆ ತೋರಿಸಲು ಪುರಾವೆ ಬೇಕಾಗುವುದರಿಂದ, ಊರಲ್ಲಿ ಛತ್ರದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಂದವರು ಮುಂದಿನ ಸಲ ರಜೆಗೆ ಹೋದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಕೆಲಸ ಮುಗಿಸಿಕೊಂಡು ಬನ್ನಿ. ಪ್ರಮಾಣಪತ್ರ ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮುಂದೆ, ಕರಾರಿನಲ್ಲಿ ಬರೀ ಇನಿಷಿಯಲ್ ಇದ್ದರೆ ಎರಡೂ ಒಬ್ಬರದೇ ಎಂದು ಈಗಲೇ ಬರೆದು ಕೊಟ್ಟು, ತಿದ್ದಿದ್ದೇವೆಂಬ ಉತ್ತರವನ್ನು ಕರಾರಿನ ಜೊತೆಯಲ್ಲೇ ಇಟ್ಟುಕೊಳ್ಳಿ.