ಮುಡಿ ಕೊಟ್ಟ ಮಲ್ಲಿಗೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿತ್ತಲು ಅಂದರೆ ಎರಡು ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಅದರಲ್ಲೇ ಒಂದು ಮಲ್ಲಿಗೆ ಬಳ್ಳಿ, ಎರಡು ದಾಸವಾಳ, ಒಂದು ನಂದಬಟ್ಟಲು, ಮೇಲೆ ಬಟ್ಟೆ ಒಣಹಾಕುವ ತಂತಿ. "ಒಂದ್ಸಲ ನೆಟ್ರೆ ವರ್ಷಾನುಗಟ್ಲೆ ಹೂವು ಸಾರ್, ನೀರು ಹಾಕಿದ್ರೆ ಸಾಕು" ಅಂದಿದ್ದ ನರ್ಸರಿಯವನು.

ಮೂರು ವರ್ಷ ನೀರು ಹಾಕಿದೆ. ಮಲ್ಲಿಗೆ ಮೂರು ವರ್ಷ ಎಲೆ ಬಿಟ್ಟಿತು.

ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಆಚೆಯಿಂದಲೇ ರೋಗ ಪತ್ತೆ ಹಚ್ಚಿದರು. "ನೀರು ಜಾಸ್ತಿ ಆಯ್ತು ಕಣಪ್ಪ. ಡಿಸೆಂಬರ್‌ನಲ್ಲಿ ನೀರು ನಿಲ್ಸಿ, ಎಲೆ ಉದುರ್ಸಿ, ಕತ್ತರಿ ಹಾಕು. ಹೊಸ ಚಿಗುರು ಬಂದ್ರೇನೇ ಮೊಗ್ಗು." ಎಷ್ಟು ಕತ್ತರಿ ಹಾಕಬೇಕು ಅಂತ ನಾನು ಕೇಳಲಿಲ್ಲ. ಕೈಗೆ ಕತ್ತರಿ ಬಂದ ಮೇಲೆ ನಿಲ್ಲಿಸುವುದು ಕಷ್ಟ. ಈ ಕಡೆ ಸ್ವಲ್ಪ ಉದ್ದ ಅನ್ನಿಸಿ ಕತ್ತರಿಸಿದೆ, ಆಗ ಆ ಕಡೆ ಉದ್ದವಾಯಿತು. ಕೊನೆಗೆ ಮೊಣಕಾಲೆತ್ತರದ ನಾಲ್ಕು ಕಡ್ಡಿ ಉಳಿದವು. ತಂತಿಗೆ ಸುತ್ತಿಕೊಂಡಿದ್ದ ಒಂದು ಎಳೆ ಮಾತ್ರ ಕೈಗೆಟುಕದೆ ಬದುಕಿಕೊಂಡಿತು.

ಕಾಫಿ ತಂದ ಹೆಂಡತಿ ನೋಡಿದಳು. "ರೀ, ಇದು ಯಾವಾಗ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಬಂತು?"

ಎರಡು ತಿಂಗಳು ನಾನು ಹಿತ್ತಲ ಕಡೆ ತಲೆಯೆತ್ತಿ ಓಡಾಡಲಿಲ್ಲ.

ಯುಗಾದಿ ಹತ್ತಿರ ಬಂತು. ಬಲೆ ಹೊಡೆಯುವ ಕೋಲು ಹಿಡಿದು ಹೊರಟೆ. ತಂತಿಯ ಆ ಎಳೆಯಲ್ಲಿ ಗೇಣುದ್ದದ ಕಸದ ಗಂಟೊಂದು ನೇತಾಡುತ್ತಿತ್ತು. ಒಣಗಿದ ಎಲೆ, ತೊಗಟೆ ಚೂರು, ಜೇಡರ ಬಲೆ, ನಡುವೆ ಸಿಟಿ ಬಸ್ ಟಿಕೆಟಿನ ಒಂದು ತುಂಡು. ಕೋಲು ಎತ್ತಿದೆ. ಗಂಟಿನ ಪಕ್ಕದ ತೂತಿನಿಂದ ಹೆಬ್ಬೆರಳಿನಷ್ಟು ಹಕ್ಕಿಯೊಂದು ಮೂಗಿನ ಮುಂದೆಯೇ ಬಾಣದ ಹಾಗೆ ಹಾರಿತು. ನಾನು ಹಿಂದಕ್ಕೆ ಹಾರಿದೆ. ಹಿಂದೆ ದಾಸವಾಳದ ಕುಂಡ ಇತ್ತು.

ಸೂರಕ್ಕಿ ಗೂಡು! ತೂತಿನ ಮೇಲೆ ಪುಟ್ಟ ಸಜ್ಜೆ ಬೇರೆ ಇಳಿಸಿತ್ತು. ನಮ್ಮ ಮನೆ ಕಿಟಕಿಗೇ ಸಜ್ಜೆ ಇಲ್ಲ. ಗೂಡಿನ ಕೆಲಸ ಹೆಚ್ಚುಕಮ್ಮಿ ಹೆಣ್ಣಿನದೇ. ಕೆಂಪು ಬೆನ್ನು, ಹಳದಿ ಹೊಟ್ಟೆಯ ಗಂಡು ತಂತಿ ಮೇಲೆ ಕೂತು ಚೀಂವ್ ಚೀಂವ್ ಅಂತ ಮೇಲ್ವಿಚಾರಣೆ ಮಾಡುತ್ತಿತ್ತು. ಹೆಂಡತಿ ಅದನ್ನು ನೋಡಿದಳು, ಆಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದ ನನ್ನನ್ನು ನೋಡಿದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಅವತ್ತಿನಿಂದ ಹಿತ್ತಲಲ್ಲಿ ಕರ್ಫ್ಯೂ. ಬಟ್ಟೆ ಮಹಡಿಗೆ ಹೋಯಿತು. ಬೀದಿಯವರಿಗೆಲ್ಲ ನನ್ನ ಬನಿಯನ್ನಿನ ತೂತುಗಳ ಪರಿಚಯವಾಯಿತು. ಪೈಪು ಬಂದ್, ಚೊಂಬಿನಲ್ಲಿ ಬಗ್ಗಿ ನೀರು ಹಾಕಬೇಕು. ಸರಿಯಾಗಿ ಅದೇ ಹೊತ್ತಿಗೆ, ನನ್ನ ನಾಲ್ಕು ಕಡ್ಡಿಗಳು ಹಟಕ್ಕೆ ಬಿದ್ದವರ ಹಾಗೆ ಚಿಗುರಿ, ಎಲೆಗಿಂತ ಮೊಗ್ಗೇ ಜಾಸ್ತಿ ಅನ್ನುವಷ್ಟು ತುಂಬಿಕೊಂಡವು. ಗೂಡಿನ ಕೆಳಗೇ.

"ನಾಲ್ಕೇ ನಾಲ್ಕು ಬಿಡಿಸ್ಲಾ?" ಅಂದೆ.

"ಕಾವು ಕೂತಿದೆ ರೀ. ಬಾಣಂತಿ ಮನೆ ಬಾಗ್ಲಲ್ಲಿ ಹೋಗಿ ನಿಲ್ತೀರಾ?"

ಎರಡು ವಾರ ಕಾವು. ಆಮೇಲೆ ಇನ್ನೆರಡು ವಾರ ಗುಟುಕು. ಈಗ ಗಂಡಿಗೂ ಕೆಲಸ ಬಿತ್ತು, ಹುಳ ಕಚ್ಚಿಕೊಂಡು ಬರುತ್ತಿತ್ತು. ನಾನು ಅದನ್ನು ಹೆಂಡತಿಗೆ ತೋರಿಸಿದೆ. ಮಲ್ಲಿಗೆ ಸಂಜೆ ಅರಳಿ, ಘಮಘಮಿಸಿ, ಬೆಳಿಗ್ಗೆ ನೆಲಕ್ಕೆ ಬೀಳುತ್ತಿತ್ತು.

ಯುಗಾದಿ ಹಿಂದಿನ ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆಗೆ ಚೌಕಾಸಿ ಮಾಡುತ್ತಾ ನಿಂತಿದ್ದೆ. ಹೂವಿನಮ್ಮ ಎಲೆಯಲ್ಲಿ ಹೂ ಸುತ್ತುತ್ತಾ ಅಂದಳು: "ರೇಟು ಜಾಸ್ತಿ ಅನ್ಸಿದ್ರೆ ಮನೆ ಹತ್ರ ಒಂದು ಬಳ್ಳಿ ಹಾಕ್ಕೊಳಿ ಸ್ವಾಮಿ. ನೀರು ಹಾಕಿದ್ರೆ ಸಾಕು."